ನೀಲಿ ಬೆರೆಸಿದ ಸುಣ್ಣ, ಅರಿಶಿನದ ಗೋಡೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಮನೆಗಳ ಒಳಗೋಡೆಯಲ್ಲಿ ಈಗ ಎರಡು ಬಣ್ಣಗಳ ನಡುವೆ ಪೈಪೋಟಿ ನಡೆದಿದೆ. ಒಂದು, ಯುಗಾದಿಗೋ ಊರಹಬ್ಬಕ್ಕೋ ವರ್ಷಕ್ಕೊಮ್ಮೆ ಬಳಿಯುತ್ತಿದ್ದ, ಚೂರು ನೀಲಿ ಬೆರೆಸಿದ ಸುಣ್ಣ. ಇನ್ನೊಂದು, ಈಚಿನ ವರ್ಷಗಳಲ್ಲಿ ಹಾಲ್‌ಗೆ ಹೊಡೆಸುತ್ತಿರುವ ಅರಿಶಿನ ಹಳದಿಯ ಎಮಲ್ಷನ್. ಮೊದಲನೆಯದು ಬಡತನದ ಬಣ್ಣ, ಎರಡನೆಯದು ಏಳಿಗೆಯ ಬಣ್ಣ ಎಂದು ಜನ ಎಣಿಸಿಬಿಟ್ಟಿದ್ದಾರೆ. ಹಾಗಾಗಿ ಇವೆರಡನ್ನೂ ಬರೀ ಬಣ್ಣಗಳೆಂದು ಎದುರುಬದುರು ಇಟ್ಟು ತೂಗುವ ಕೆಲಸ ಆಗಿಲ್ಲ. ಸಿನಿಮಾವನ್ನೋ ಕಾದಂಬರಿಯನ್ನೋ ವಿಮರ್ಶೆ ಮಾಡುವಷ್ಟೇ ಶ್ರದ್ಧೆಯಿಂದ ಗೋಡೆಯ ಬಣ್ಣವನ್ನೂ ವಿಮರ್ಶಿಸಬೇಕು ಎಂದು ನಾನು ನಂಬಿದ್ದೇನೆ. ಸಿನಿಮಾ ಎರಡೂವರೆ ಗಂಟೆಗೆ ಮುಗಿಯುತ್ತದೆ. ಗೋಡೆಯ ಎದುರು ಮನೆಮಂದಿ ವರ್ಷಗಟ್ಟಲೆ ಉಣ್ಣುತ್ತಾರೆ, ಮಲಗುತ್ತಾರೆ, ಕಾಯಿಲೆ ಬೀಳುತ್ತಾರೆ, ಮಕ್ಕಳನ್ನು ಓದಿಸುತ್ತಾರೆ.

ಗೋಡೆ ತಾನು ಎಷ್ಟು ಚೆಂದ ಕಾಣುತ್ತದೆ ಅನ್ನುವುದು ನನಗೆ ಎರಡನೆಯ ಮಾತು. ಅದರ ಎದುರು ಮಿಕ್ಕದ್ದೆಲ್ಲ ಹೇಗೆ ಕಾಣುತ್ತದೆ ಅನ್ನುವುದೇ ಮೊದಲನೆಯದು. ಬಂದವರ ಮುಖ, ಉಟ್ಟ ಸೀರೆ, ತಟ್ಟೆಯಲ್ಲಿನ ಮುದ್ದೆ ಮತ್ತು ಸೊಪ್ಪಿನ ಸಾರು, ಮಗುವಿನ ಕಣ್ಣಿನ ಬಿಳಿಭಾಗ, ಹಿಪ್ಪುನೇರಳೆ ಸೊಪ್ಪಿನ ಮೇಲೆ ಹರಿಯುವ ಹುಳು ಇವೆಲ್ಲ ತಮ್ಮ ನಿಜವಾದ ಬಣ್ಣದಲ್ಲಿ ಕಾಣಬೇಕು. ಈ ಅಳತೆಯಲ್ಲಿ ನೋಡಿದರೆ ನೀಲಿ ಬೆರೆಸಿದ ಸುಣ್ಣ ಗೆಲ್ಲುತ್ತದೆ. ಹಳದಿ ಸೋಲುತ್ತದೆ ಎಂದು ಒಂದೇ ಏಟಿಗೆ ಹೇಳಲಾಗದು, ಅದಕ್ಕೆ ತನ್ನದೇ ಹೊತ್ತಿದೆ, ತನ್ನದೇ ಜಾಗವಿದೆ. ಆ ಜಾಗ ಹಾಲ್ ಅಲ್ಲ.

ಎರಡನ್ನೂ ಒಟ್ಟಿಗೆ ನೋಡಲು ಚನ್ನಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ಒಂದು ಮನೆ ಸಿಕ್ಕಿತು. ಅಣ್ಣತಮ್ಮಂದಿರು ಪಾಲಾದಾಗ ಪಡಸಾಲೆಯ ನಡುವೆ ಗೋಡೆ ಎದ್ದಿದೆ. ಎರಡು ಪಾಲಿಗೂ ಕೆಂಪು ಗಾರೆಯ ನೆಲ ಒಂದೇ, ಹೆಂಚಿನ ಮಾಡು ಒಂದೇ, ಕಿಟಕಿಗಳು ನೋಡುವ ದಿಕ್ಕು ಒಂದೇ, ಎದುರಿನ ಅಂಗಳವೂ ಒಂದೇ. ಅಣ್ಣನ ಪಾಲಿನಲ್ಲಿ ಇವತ್ತಿಗೂ ಸುಣ್ಣ. ತಮ್ಮನ ಪಾಲಿನಲ್ಲಿ ಪುಟ್ಟಿ ಮೆತ್ತಿ, ಪ್ರೈಮರ್ ಕೊಟ್ಟು, ಅದರ ಮೇಲೆ ಹಳದಿ. ಬಣ್ಣ ಒಂದನ್ನು ಬಿಟ್ಟು ಮಿಕ್ಕೆಲ್ಲವೂ ಸಮ. ಬೆಳಗಿನ ಹೊತ್ತು ಅಣ್ಣನ ಕಡೆಯಿಂದ ಬಾಗಿಲು ದಾಟಿ ತಮ್ಮನ ಕಡೆಗೆ ಹೋದರೆ ಮೊದಲು ಬದಲಾಗುವುದು ನೆಲ. ಆ ಕಡೆ ಮಾಗಿದ ಕೆಂಪಾಗಿ, ತಣ್ಣಗೆ ಕಂಡ ಅದೇ ಗಾರೆ ಈ ಕಡೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ನೆಲಕ್ಕೆ ಯಾರೂ ಏನೂ ಮಾಡಿಲ್ಲ. ಪಕ್ಕದಲ್ಲಿ ನಿಂತ ಬಣ್ಣ ಬೇರೆಯಾಯಿತು, ಅಷ್ಟೆ.

ಇದನ್ನು ಅರ್ಥಮಾಡಿಕೊಳ್ಳಲು ಈ ಸೀಮೆಯ ಮನೆಗೆ ಬೆಳಕು ಬರುವ ದಾರಿಯನ್ನು ನೋಡಬೇಕು. ಪೇಂಟ್ ಅಂಗಡಿಯ ಪುಸ್ತಕಗಳಲ್ಲಿ, ಮೊಬೈಲಿನಲ್ಲಿ ಸಿಗುವ ಸಲಹೆಗಳಲ್ಲಿ, ‘ಕೋಣೆಗೆ ಬೆಚ್ಚಗಿನ ಬಣ್ಣ ಹಾಕಿ’ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಅದು ಯುರೋಪಿನಂಥ ಚಳಿ ದೇಶಗಳ ಮಾತು. ಅಲ್ಲಿ ಚಳಿಗಾಲದ ಸೂರ್ಯ ದಿಗಂತ ಬಿಟ್ಟು ಹೆಚ್ಚು ಮೇಲೇಳುವುದಿಲ್ಲ, ಉತ್ತರದ ಕಿಟಕಿಗೆ ಬೂದು ಮೋಡದ ತಣ್ಣನೆ ಬೆಳಕೇ ಗತಿ. ನಮ್ಮದು 12 ಮತ್ತು 13 ಡಿಗ್ರಿ ಅಕ್ಷಾಂಶಗಳ ನಡುವಿನ ನಾಡು. ಏಪ್ರಿಲ್ ಕೊನೆಯ ಭಾಗದಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ ಸೂರ್ಯ ನಡುನೆತ್ತಿಗೇ ಬರುತ್ತಾನೆ. ಬಿಸಿಲು, ಮಳೆ ಎರಡನ್ನೂ ತಡೆಯಲೆಂದು ಸೂರನ್ನು ಕೆಳಗೆ ಇಳಿಸಿ ಕಟ್ಟಿದ್ದಾರೆ. ಹೀಗಾಗಿ ಆಕಾಶದ ಬೆಳಕು ನೇರವಾಗಿ ಒಳಗೆ ಬೀಳುವುದು ಕಮ್ಮಿ. ಬಿಸಿಲು ಅಂಗಳದ ಕೆಮ್ಮಣ್ಣಿಗೆ ಬಡಿದು, ಅಲ್ಲಿಂದ ಪುಟಿದು, ಸೂರಿನ ಅಡಿಯಿಂದ ಒಳಗೆ ಬರುತ್ತದೆ. ಬರುವಾಗಲೇ ಅದಕ್ಕೆ ಮಣ್ಣಿನ ಕೆಂಪು ಹತ್ತಿರುತ್ತದೆ. ಒಳಗೆ ಬಂದು ಗಾರೆ ನೆಲಕ್ಕೆ ಬಿದ್ದು ಇನ್ನಷ್ಟು ಕೆಂಪಾಗಿ ಗೋಡೆ ಹತ್ತುತ್ತದೆ. ಇಂಥ ಮನೆಗೆ ಬೆಚ್ಚಗಿನ ಬಣ್ಣ ಯಾಕೆ ಬೇಕು? ಬೆಚ್ಚಗಿನದು ಆಗಲೇ ಬಂದು ಕೂತಿದೆ. ಅದನ್ನು ಸ್ವಲ್ಪ ಹಿಂದಕ್ಕೆ ಸರಿಸುವ ಬಣ್ಣ ಬೇಕು. ಸುಣ್ಣಕ್ಕೆ ಬಿದ್ದ ನೀಲಿ ಮಾಡುವುದು ಈ ಕೆಲಸವನ್ನೇ. ಕೆಂಪು ನೆಲದ ಪಕ್ಕದಲ್ಲಿ ಅದು ನೀಲಿಯಾಗಿಯೂ ಕಾಣುವುದಿಲ್ಲ, ಅಪ್ಪಟ ಬಿಳಿಯಾಗಿ ಕಾಣುತ್ತದೆ. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ತಿದ್ದುವ ಈ ಗುಣವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರಲ್ 1839ರಷ್ಟು ಹಿಂದೆಯೇ ದೊಡ್ಡ ಗ್ರಂಥವಾಗಿ ಬರೆದಿಟ್ಟ. ನಮ್ಮ ಹೆಂಗಸರು ಅದನ್ನು ಬಕೆಟ್ಟಿನಲ್ಲಿ ಕಲಸಿ ಕಂಡುಕೊಂಡಿದ್ದರು.

ಆ ಕಲಸುವಿಕೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಸುಟ್ಟ ಸುಣ್ಣದ ಕಲ್ಲನ್ನು ಹಳೆಯ ಡ್ರಮ್ಮಿಗೆ ಹಾಕಿ ನೀರು ಹೊಯ್ದರೆ ಕೊತಕೊತ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಸೇರಿಸುವುದಿಲ್ಲ. ಒಂದೆರಡು ದಿನ ನೆನೆದು ತಿಳಿಯಾದ ಮೇಲೆ ಹಳೆಯ ಪಂಚೆಯಲ್ಲಿ ಸೋಸುತ್ತಾರೆ. ಕೈಗೆ, ಬಟ್ಟೆಗೆ ಹತ್ತದಿರಲೆಂದು ಒಂದು ಹಿಡಿ ಉಪ್ಪು, ಅಂಟಿನ ನೀರು, ಕೆಲವರು ಅನ್ನದ ಗಂಜಿ. ಕೊನೆಗೆ ಬಿಳಿಬಟ್ಟೆಗೆ ಹಾಕುವ ನೀಲಿಪುಡಿಯನ್ನು ಚಿಂದಿಬಟ್ಟೆಯಲ್ಲಿ ಗಂಟು ಕಟ್ಟಿ ಅದ್ದಿ ಅಲ್ಲಾಡಿಸುತ್ತಾರೆ. ಪುಡಿಯನ್ನು ನೇರವಾಗಿ ಸುರಿದರೆ ಕಾಳುಕಾಳಾಗಿ ಉಳಿದು ಕುಂಚ ಎಳೆದಲ್ಲೆಲ್ಲ ಗೆರೆ ಬೀಳುತ್ತದೆ. ಎಷ್ಟು ಹೊತ್ತು ಅದ್ದಬೇಕು ಅನ್ನುವುದೇ ಈ ಕಸುಬಿನ ಗುಟ್ಟು. ಕಮ್ಮಿಯಾದರೆ ಸುಣ್ಣ ಕೆನೆ ಬಣ್ಣಕ್ಕೆ ತಿರುಗಿ ಹಳತಾದಂತೆ ಕಾಣುತ್ತದೆ, ಹೆಚ್ಚಾದರೆ ಗೋಡೆ ಮಂಕಾಗುತ್ತದೆ. ಹಸಿಯಾಗಿರುವಾಗ ಏನೂ ಗೊತ್ತಾಗುವುದಿಲ್ಲ. ಬಳಿದ ಸುಣ್ಣ ಬೂದಿಯಾಗಿ, ಹಿಂದಿನ ಗೋಡೆ ಕಾಣುವಷ್ಟು ತೆಳ್ಳಗೆ ಇರುತ್ತದೆ. ಒಣಗುತ್ತ ಒಣಗುತ್ತ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಿನ ಪದರವಾಗುತ್ತದೆ. ಆಗ ಬಿಳುಪು ಮೇಲೇಳುತ್ತದೆ.

ಈ ನೀಲಿಪುಡಿಯ ಹಿಂದೆಯೂ ಒಂದು ಕತೆಯಿದೆ. ಅಲ್ಟ್ರಾಮರೀನ್ ಎಂಬ ಈ ನೀಲಿಯನ್ನು ಒಂದು ಕಾಲದಲ್ಲಿ ಆಫ್ಘಾನಿಸ್ತಾನದ ಬದಖ್‌ಶಾನ್ ಗಣಿಗಳ ನೀಲಿ ಕಲ್ಲನ್ನು ಅರೆದು ತೆಗೆಯುತ್ತಿದ್ದರು, ಅದಕ್ಕೆ ಚಿನ್ನದ ಬೆಲೆಯಿತ್ತು. 1820ರ ದಶಕದ ಕೊನೆಗೆ ಫ್ರಾನ್ಸಿನ ಗಿಮೆ ಅದನ್ನು ಕುಲುಮೆಯಲ್ಲಿ ತಯಾರಿಸಿದ ಮೇಲೆ ಬೆಲೆ ಇಳಿದು ಸಂತೆಗೆ ಬಂತು. ಸುಣ್ಣದ ಕ್ಷಾರಕ್ಕೆ ಅದು ಬಗ್ಗುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ. ಸುಣ್ಣಕ್ಕೂ ಅದಕ್ಕೂ ಕೂಡಿಬಂದದ್ದು ಈ ಕಾರಣಕ್ಕೆ.

ಅರಿಶಿನಕ್ಕೆ ಈ ಭಾಗ್ಯವಿಲ್ಲ. ಅರಿಶಿನಕ್ಕೆ ಸುಣ್ಣ ಸೋಕಿಸಿದರೆ ಏನಾಗುತ್ತದೆಂದು ಆರತಿ ನೀರು ಕಲಸಿದ ಎಲ್ಲರಿಗೂ ಗೊತ್ತು. ಹಳದಿ ಹೋಗಿ ರಕ್ತಗೆಂಪು ಬರುತ್ತದೆ. ಸುಣ್ಣದ ಗೋಡೆಗೆ ಹಳದಿ ಬೇಕೆಂದರೆ ಹಳದಿ ಮಣ್ಣನ್ನೇ ಬೆರೆಸಬೇಕಿತ್ತು. ಅದರದು ಮಣ್ಣಿನದೇ ಮಂದ ಹಳದಿ, ಕಣ್ಣಿಗೆ ಹಿತ. ಈಗ ಹಾಲ್‌ಗಳಲ್ಲಿ ಕಾಣುವ ಉರಿಹಳದಿ ಈ ಸೀಮೆಯ ಗೋಡೆಗಳಿಗೆ ಡಿಸ್ಟೆಂಪರ್, ಎಮಲ್ಷನ್‌ಗಳ ಜೊತೆ ಬಂದದ್ದು. ಬಾಗಿಲಿಗೆ ಬಳಿಯುವ ಹಳೆಯ ಕಾಲದ ಉಜ್ವಲ ಹಳದಿ ಎನಾಮಲ್‌ಗಳಲ್ಲಿ ಸೀಸದ ಕ್ರೋಮೇಟ್ ಇರುತ್ತಿತ್ತು. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಹಳೆಯ ಹಳದಿ ಬಾಗಿಲನ್ನು ಉಜ್ಜುಕಾಗದದಿಂದ ತಿಕ್ಕುವಾಗ ಮಕ್ಕಳು ಹತ್ತಿರ ಇರದಂತೆ ನೋಡಿಕೊಳ್ಳಬೇಕು. ದೂಳನ್ನು ಒದ್ದೆಬಟ್ಟೆಯಲ್ಲಿ ಒರೆಸಿ ತೆಗೆಯಬೇಕು.

ಹಾಗೆಂದು ಹಳದಿ ಈ ನೆಲಕ್ಕೆ ಹೊರಗಿನದಲ್ಲ. ಚನ್ನಪಟ್ಟಣದ ಬೊಂಬೆಯ ಹಳದಿಗಿಂತ ಚೆಂದದ ಹಳದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೆಣ್ಣೆಯಷ್ಟು ಬೆಳ್ಳಗಿನ ಆಲೆಮರದ ತುಂಡು ಯಂತ್ರದಲ್ಲಿ ತಿರುಗುತ್ತಿರುವಾಗ ಅರಿಶಿನ ಕೂಡಿಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ತಾಳೆಗರಿ ಒತ್ತಿದರೆ ಹೊಳಪು ಬರುತ್ತದೆ. ಅರಗಿನಲ್ಲಿ ಕ್ಷಾರವಿಲ್ಲ, ಹಾಗಾಗಿ ಅರಿಶಿನ ಅರಿಶಿನವಾಗಿಯೇ ಉಳಿಯುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಬೊಂಬೆಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಒಂದು ವಿಷಯ ತಿಳಿಯುತ್ತದೆ. ಅಲ್ಲಿನ ಹಳದಿ ಒಬ್ಬಂಟಿಯಾಗಿ ಬರುವುದು ಅಪರೂಪ. ಪಕ್ಕದಲ್ಲಿ ಕೆಂಪು ಉಂಗುರ, ಕಪ್ಪು ಗೆರೆ, ಹಸಿರು ಟೋಪಿ ಏನಾದರೊಂದು ಇರುತ್ತದೆ. ಅಂಗೈಯಷ್ಟು ಜಾಗದಲ್ಲಿ, ಎಲ್ಲೆ ಹಾಕಿಸಿಕೊಂಡಾಗ ಹಳದಿ ಕಣ್ಣು ಸೆಳೆಯುತ್ತದೆ. ಅದೇ ಬೊಂಬೆಯನ್ನು ತಮ್ಮನ ಹಳದಿ ಗೋಡೆಯ ಷೋಕೇಸಿನಲ್ಲಿ ಇಟ್ಟಿದ್ದಾರೆ, ಗೋಡೆಯೊಳಗೆ ಮುಳುಗಿಹೋಗಿದೆ. ಅಣ್ಣನ ಸುಣ್ಣದ ಗೋಡೆಯ ಗೂಟಕ್ಕೆ ನೇತುಹಾಕಿದ ಹಳೆಯ ಹಳದಿ ಚೀಲ ಕೋಣೆಗೆಲ್ಲ ಒಡೆಯನಂತೆ ಕಾಣುತ್ತದೆ.

ಇನ್ನು ಶೇಡ್ ಕಾರ್ಡಿನ ಮಾತು. ರಾಮನಗರದಲ್ಲಿ ಪೇಂಟಿಂಗ್ ಕೆಲಸ ಮಾಡುವ ಹಿರಿಯರೊಬ್ಬರು ಗಿರಾಕಿಗೆ ಹೇಳುತ್ತಿದ್ದದ್ದನ್ನು ಕೇಳಿದೆ: ‘ಕಾರ್ಡಲ್ಲಿ ನೋಡಿದ್ದಕ್ಕಿಂತ ಗೋಡೆ ಮೇಲೆ ಜಾಸ್ತಿ ಬತ್ತದೆ ಅಣ್ಣ. ನಿಮಗೆ ಇಷ್ಟ ಆಗಿರೋದಕ್ಕಿಂತ ಎರಡು ಮೆಟ್ಲು ತಿಳೀದು ತಕ್ಕೊಳ್ಳಿ.’ ಇದು ಅನುಭವದ ಮಾತು ಮಾತ್ರವಲ್ಲ, ಲೆಕ್ಕವೂ ಹೌದು. ಹಳದಿ ಗೋಡೆ ತನ್ನ ಮೇಲೆ ಬಿದ್ದ ನೀಲಿ ಕಿರಣಗಳಲ್ಲಿ ಐದರಲ್ಲಿ ನಾಲ್ಕು ಪಾಲನ್ನು ನುಂಗುತ್ತದೆ ಎಂದಿಟ್ಟುಕೊಳ್ಳೋಣ. ಕಾರ್ಡಿನ ಚೌಕದ ಮೇಲೆ ಬೆಳಕು ಒಮ್ಮೆ ಬಿದ್ದು ಕಣ್ಣಿಗೆ ಬರುತ್ತದೆ, ಐದರಲ್ಲಿ ಒಂದು ಪಾಲು ನೀಲಿ ಉಳಿದಿರುತ್ತದೆ. ಕೋಣೆಯಲ್ಲಿ ಹಾಗಲ್ಲ. ಒಂದು ಗೋಡೆಯಿಂದ ಹೊರಟ ಬೆಳಕು ಎದುರು ಗೋಡೆಗೆ ಬಡಿದು ಆಮೇಲೆ ಕಣ್ಣಿಗೆ ಬರುತ್ತದೆ. ಆಗ 25ರಲ್ಲಿ ಒಂದು ಪಾಲು. ಮೂರನೆಯ ಗೋಡೆ ಮುಟ್ಟಿದರೆ 125ರಲ್ಲಿ ಒಂದು. ನಾಲ್ಕೂ ಗೋಡೆಗೆ ಹಳದಿ ಬಳಿದ ಕೋಣೆಯಲ್ಲಿ ಬಣ್ಣ ತನ್ನನ್ನು ತಾನೇ ಗುಣಿಸಿಕೊಳ್ಳುತ್ತ ಹೋಗುತ್ತದೆ, ಮೂಲೆಗಳಲ್ಲಿ ಕಿತ್ತಳೆಗೆ ತಿರುಗುತ್ತದೆ. ಸುಣ್ಣದ ಗೋಡೆ ಎಲ್ಲ ಬಣ್ಣದ ಕಿರಣವನ್ನೂ ಹೆಚ್ಚುಕಮ್ಮಿ ಸಮನಾಗಿ, ನೂರಕ್ಕೆ ಸುಮಾರು 80ರಷ್ಟು, ವಾಪಸು ಕೊಡುವುದರಿಂದ ಎಷ್ಟು ಸಲ ಪುಟಿದರೂ ಬೆಳಕಿನ ಗುಣ ಕೆಡುವುದಿಲ್ಲ. ಕಿಟಕಿ ಚಿಕ್ಕದಿರುವ, ದಪ್ಪ ಸೈಜುಗಲ್ಲಿನ ಗೋಡೆಯ ಕನಕಪುರ, ಮಾಗಡಿ ಕಡೆಯ ಮನೆಗಳಲ್ಲಿ ಈ ಪುಟಿಯುವ ಬೆಳಕೇ ಆಧಾರ. ಅಲ್ಲಿ ಉರಿಹಳದಿ ಬಳಿದವರು ಕೋಣೆಗೆ ಬೆಳಕು ತಂದೆವೆಂದು ತಿಳಿಯುತ್ತಾರೆ. ಬರುತ್ತಿದ್ದ ಬೆಳಕಿನಲ್ಲಿ ಒಂದು ಭಾಗವನ್ನು ಗೋಡೆ ತಿನ್ನುತ್ತಿರುತ್ತದೆ.

ಹಳದಿ ಕೋಣೆಯಲ್ಲಿ ಮುಖಗಳಿಗೆ ಒಂದು ಬಗೆಯ ಕಾಂತಿ ಬರುತ್ತದೆ ನಿಜ. ಹೆಣ್ಣು ನೋಡಲು ಬಂದವರನ್ನು ಕೂರಿಸುವ ಹಾಲ್‌ಗೆ ಹಳದಿ ಬೇಕೆನ್ನುವವರ ಮನಸ್ಸಿನಲ್ಲಿ ಇದೂ ಇರಬಹುದು. ಆದರೆ ಆ ಕಾಂತಿ ಎಲ್ಲರ ಮುಖಕ್ಕೂ ಒಂದೇ ಸಮನೆ ಬಳಿದದ್ದು. ಮಗುವಿಗೆ ಕಾಮಾಲೆ ಬಂದರೆ ಕಣ್ಣಿನ ಬಿಳಿಭಾಗ ಮೊದಲು ಹಳದಿಯಾಗುತ್ತದೆ. ಹಳದಿ ಗೋಡೆಯ ಮನೆಯಲ್ಲಿ ತಾಯಿಗೆ ಅದು ಒಂದು ದಿನ ತಡವಾಗಿ ಗೊತ್ತಾದರೆ ಯಾರನ್ನು ದೂರುವುದು? ಬಾಣಂತಿ ಕೋಣೆಗಂತೂ ಹಳದಿ ಬೇಡ ಎಂದು ನಾನು ಒತ್ತಿ ಹೇಳುತ್ತೇನೆ. ರೇಷ್ಮೆ ಸೀರೆಯ ಅಂಗಡಿಯವರು ನೆಲಕ್ಕೆ ಬಿಳಿ ಹಾಸು ಹಾಸಿ ಅದರ ಮೇಲೆ ಸೀರೆ ಬಿಚ್ಚುತ್ತಾರೆ, ಹಳದಿ ಹಾಸು ಹಾಕಿದ್ದನ್ನು ಯಾರಾದರೂ ಕಂಡಿದ್ದೀರಾ?

ರೇಷ್ಮೆಯ ಮಾತು ಬಂದದ್ದರಿಂದ ಈ ವಿಮರ್ಶೆಯ ಗಟ್ಟಿಯಾದ ಸಾಕ್ಷಿಗೆ ಬರುತ್ತೇನೆ. ಈ ನಾಲ್ಕೂ ತಾಲ್ಲೂಕುಗಳು ರೇಷ್ಮೆಯ ಮೇಲೆ ನಿಂತವು, ರಾಮನಗರದ್ದು ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ ಎಂದು ಹೆಸರಾದದ್ದು. ಅಲ್ಲಿ ಹಳದಿ ಮತ್ತು ಬಿಳಿ ಬೇರೆ ಬೇರೆ ದುಡ್ಡು. ಮಿಶ್ರತಳಿಯ ಗೂಡು ಹಳದಿ, ದ್ವಿತಳಿಯ ಗೂಡು ಬಿಳಿ. ಮಾಗಡಿ, ಕುಣಿಗಲ್ ಭಾಗದಲ್ಲಿ ಬಿತ್ತನೆಗಾಗಿ ಬೆಳೆಯುವ ಮೈಸೂರು ತಳಿಯ ಗೂಡಿನ ಹಳದಿಗೆ ಸ್ವಲ್ಪ ಹಸಿರಿನ ಛಾಯೆ. ಮಾರುಕಟ್ಟೆಗೂ ಮೊದಲು ಹುಳುಮನೆಯಲ್ಲಿ ಬಣ್ಣದ ಪರೀಕ್ಷೆ ನಡೆಯುತ್ತದೆ. ಐದನೇ ಹಂತದ ಕೊನೆಗೆ ಹುಳು ಹಣ್ಣಾಗುತ್ತದೆ. ಮೇವು ಬಿಟ್ಟು ತಲೆ ಎತ್ತುತ್ತದೆ, ಮೈ ತಿಳಿಯಾಗಿ ನಸುಹಳದಿಗೆ ತಿರುಗುತ್ತದೆ. ಆ ಹೊತ್ತಿಗೆ ಸರಿಯಾಗಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಬೇಗ ಬಿಟ್ಟರೆ ಅಲೆದಾಡುತ್ತದೆ, ತಡವಾದರೆ ತಟ್ಟೆಯಲ್ಲೇ ನೂಲು ಚೆಲ್ಲುತ್ತದೆ. ಹಾಲುತೊಂಡೆ ರೋಗ ಬಂದ ಹುಳುವಿಗೂ ಗಿಣ್ಣುಗಳ ನಡುವೆ ಊತ ಬಂದು ಮೈ ಹೊಳೆಯುತ್ತದೆ, ಬಣ್ಣ ತಿರುಗುತ್ತದೆ. ಹಣ್ಣಾದ ಹಳದಿ ಯಾವುದು, ಕಾಯಿಲೆಯ ಹಳದಿ ಯಾವುದು ಎಂದು ಹೆಂಗಸರು ಬಗ್ಗಿ ನೋಡುತ್ತ ಕ್ಷಣದಲ್ಲಿ ಬೇರೆ ಮಾಡುತ್ತಾರೆ. ಆ ಕಣ್ಣಿಗೆ ಹಿಂಬದಿಯ ಗೋಡೆ ಬೆಳ್ಳಗಿರಬೇಕು. ಹುಳುಮನೆಗೆ ಸುಣ್ಣ ಬಳಿಯುವುದು ಸೋಂಕು ಕಳೆಯಲೆಂದು. ಹೊಸ ಸುಣ್ಣದ ಪ್ರಬಲ ಕ್ಷಾರಕ್ಕೆ ಬೂಷ್ಟು, ಸೂಕ್ಷ್ಮಾಣುಗಳು ತಡೆಯುವುದಿಲ್ಲ. ಆದರೆ ಅದರ ಬಿಳುಪಿನಿಂದ ಆಗುವ ಉಪಕಾರವೂ ಅಷ್ಟೇ ದೊಡ್ಡದು ಎಂದು ನನಗೆ ಅನಿಸುತ್ತದೆ. ಅಣ್ಣನ ಮನೆಯಲ್ಲಿ ಪಡಸಾಲೆಯ ಅರ್ಧದಲ್ಲಿ ಈಗಲೂ ಹುಳುವಿನ ತಟ್ಟೆಗಳಿವೆ. ಅತ್ತಿಗೆಯವರನ್ನು ಸುಣ್ಣ ಯಾಕೆ ಬಿಟ್ಟಿಲ್ಲ ಎಂದು ಕೇಳಿದೆ. ‘ಹುಳ ಕಾಣ್ಬೇಕಲ್ಲಪ್ಪ’ ಅಂದರು.

ಹಗಲು ಸುಣ್ಣದ್ದಾದರೆ ರಾತ್ರಿ ಯಾರದು? ಮುಸ್ಸಂಜೆಯಲ್ಲಿ, ದೀಪ ಹಚ್ಚುವುದಕ್ಕೆ ಮೊದಲು, ಸುಣ್ಣವೇ ಮೇಲು. ಬೆಳಕು ಕುಗ್ಗಿದಂತೆ ನಮ್ಮ ಕಣ್ಣು ಕೆಂಪು ಹಳದಿಗಳನ್ನು ಬೇಗ ಕೈಬಿಡುತ್ತದೆ, ನೀಲಿ ಹಸಿರುಗಳನ್ನು ಹೆಚ್ಚು ಹೊತ್ತು ಹಿಡಿದಿರುತ್ತದೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ 19ನೇ ಶತಮಾನದ ಆರಂಭದಲ್ಲೇ ಇದನ್ನು ಗುರುತಿಸಿದ. ಹಗಲಿನಲ್ಲಿ 555 ನ್ಯಾನೊಮೀಟರಿನ ಹಳದಿಹಸಿರಿಗೆ ತೀಕ್ಷ್ಣವಾಗಿರುವ ಕಣ್ಣು ಕತ್ತಲಲ್ಲಿ 507ರ ಕಡೆಗೆ ಸರಿಯುತ್ತದೆ. ಕರೆಂಟು ಹೋದ ಸಂಜೆ ಸುಣ್ಣದ ಗೋಡೆ ಮಸಕಾಗಿಯಾದರೂ ದಾರಿ ತೋರಿಸುತ್ತದೆ, ಹಳದಿ ಗೋಡೆ ಕಂದಾಗಿ ಕತ್ತಲೆ ಸೇರಿಕೊಳ್ಳುತ್ತದೆ. ಆದರೆ ದೀಪ ಹಚ್ಚಿದ ಕೂಡಲೇ ಆಟ ತಿರುಗುತ್ತದೆ. ಎಣ್ಣೆದೀಪದ ಬೆಳಕಿನಲ್ಲಿ ನೀಲಿಯೇ ಇಲ್ಲ ಅನ್ನುವಷ್ಟು ಕಮ್ಮಿ. ಸುಣ್ಣದಲ್ಲಿನ ನೀಲಿಗೆ ಆಗ ವಾಪಸು ಕೊಡಲು ಏನೂ ಸಿಗದೆ ಗೋಡೆ ಬೂದಿ ಬಣ್ಣಕ್ಕೆ ಇಳಿಯುತ್ತದೆ. ಹಳದಿ ಗೋಡೆ ಆ ಜ್ವಾಲೆಯನ್ನು ಪೂರ್ತಿ ಎತ್ತಿ ಹಿಡಿಯುತ್ತದೆ. ದೇವರ ಗೂಡಿನ ಒಳಬದಿಗೆ ಹಳದಿ ಬಳಿದು, ಅದರ ಮುಂದೆ ನಂದಾದೀಪ ಇಟ್ಟಾಗ ಕಾಣುವ ಚೆಲುವಿಗೆ ಸುಣ್ಣ ಸಾಟಿಯಲ್ಲ. ಇದನ್ನು ಮನಸಾರೆ ಒಪ್ಪುತ್ತೇನೆ. ತೊಂದರೆ ಏನೆಂದರೆ, ಹಾಲ್‌ನಲ್ಲಿ ಈಗ ಉರಿಯುವುದು ಎಣ್ಣೆದೀಪ ಅಲ್ಲ, 6500 ಕೆಲ್ವಿನ್ನಿನ ಬೆಳ್ಳನೆ ಎಲ್ಇಡಿ ಪಟ್ಟಿ. ಅದರ ಕೆಳಗೆ ಅರಿಶಿನ ಹಳದಿಗೆ ಹಸಿರು ಛಾಯೆ ಬಂದು ಹುಳಿ ನಿಂಬೆಯಾಗುತ್ತದೆ. ಹಳದಿಯನ್ನೇ ಹಿಡಿದವರು ಕನಿಷ್ಠ 2700 ಅಥವಾ 3000 ಕೆಲ್ವಿನ್ನಿನ ವಾರ್ಮ್ ವೈಟ್ ದೀಪ ಹಾಕಿಸಿಕೊಳ್ಳಲಿ.

ಸುಣ್ಣದ ಕುಂದುಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಒರಗಿ ಕೂತರೆ ಅಂಗಿಯ ಬೆನ್ನು ಬೆಳ್ಳಗಾಗುತ್ತದೆ. ವರ್ಷ ವರ್ಷ ಬಳಿಯಬೇಕು, ಬಳಿಯುವ ಕೈಗಳು ಈಗ ಕಮ್ಮಿ. ಒದ್ದೆಬಟ್ಟೆಯಲ್ಲಿ ಒರೆಸಲಾಗದು, ಮಕ್ಕಳು ಸೀಸದಕಡ್ಡಿಯಲ್ಲಿ ಗೀಚಿದ್ದು ಮುಂದಿನ ಯುಗಾದಿವರೆಗೂ ಇರುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆಯ ಎಣ್ಣೆ, ಹೊಗೆ, ಅರಿಶಿನದ ಕೈಗುರುತು ಅದರ ಮೇಲೆ ಎದ್ದು ಕಾಣುತ್ತವೆ. ಅಲ್ಲಿ ತೊಳೆಯಬಹುದಾದ ತಿಳಿಹಳದಿ ಎಮಲ್ಷನ್ನೇ ಸರಿ. ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಕವಿದರೆ ನೀಲಿಸುಣ್ಣದ ಕೋಣೆ ಜೋಲುಮೋರೆ ಹಾಕುತ್ತದೆ. ಆದರೆ ಎಮಲ್ಷನ್ನಿಗೂ ಹಳೆಯ ಗೋಡೆಗೂ ಆಗಿಬರುವುದಿಲ್ಲ. ಮಣ್ಣಿನ ಗೋಡೆ, ಮಣ್ಣಲ್ಲಿ ಕಟ್ಟಿದ ಕಲ್ಲುಗೋಡೆ ನೆಲದ ತೇವವನ್ನು ಹೀರಿ ಮೇಲಕ್ಕೆ ಬಿಡುತ್ತವೆ. ಸುಣ್ಣ ಅದನ್ನು ಹೊರಕ್ಕೆ ಹಾಯಗೊಡುತ್ತದೆ. ಪ್ಲಾಸ್ಟಿಕ್ಕಿನ ಪೊರೆ ಹಾಯಗೊಡದೆ ಒಂದೆರಡು ಮಳೆಗಾಲಕ್ಕೇ ಉಬ್ಬಿ ಏಳುತ್ತದೆ. ತಮ್ಮನ ಹಾಲ್‌ನಲ್ಲಿ ನೆಲದಿಂದ ಮೊಣಕಾಲೆತ್ತರದವರೆಗೆ ಬಣ್ಣ ಎದ್ದು, ಒಳಗಿನ ಹಳೆಯ ಸುಣ್ಣದ ಪದರಗಳು ಕಾಣುತ್ತಿವೆ.

ತಮ್ಮನ ಮನೆಯವರು ಈಗ ಮತ್ತೆ ಪೇಂಟ್ ಮಾಡಿಸುವ ಯೋಚನೆಯಲ್ಲಿದ್ದಾರೆ. ಕೇಳಿದ್ದರಿಂದ ಹೇಳಿದೆ: ಎಮಲ್ಷನ್ ಮೇಲೆ ಸುಣ್ಣ ಹಿಡಿಯುವುದಿಲ್ಲ, ಪುಟ್ಟಿಯ ಸಮೇತ ಕೆರೆದು ಗೋಡೆ ಒಂದು ಬೇಸಿಗೆ ಒಣಗಲು ಬಿಡಬೇಕು. ಅಷ್ಟು ತಾಳ್ಮೆ, ಖರ್ಚು ಆಗದಿದ್ದರೆ ತೇವ ಏರುವ ಕೆಳಗಿನ ಪಟ್ಟಿಯನ್ನಾದರೂ ಕೆರೆದು ಅಲ್ಲಿಗೆ ಸುಣ್ಣ, ಮೇಲಕ್ಕೆ ಒಂದು ಹನಿ ನೀಲಿ ಬಿದ್ದ ಬಿಳಿ. ಕೆಂಪು ಗಾರೆ ನೆಲವನ್ನು ಯಾವ ಕಾರಣಕ್ಕೂ ಅಗೆಸಿ ಟೈಲ್ಸ್ ಹಾಕಿಸಬೇಡಿ, ಗೋಡೆಯ ಬಿಳುಪಿಗೆ ಜೀವ ಕೊಡುವುದು ಆ ನೆಲವೇ. ಹಳದಿ ಅಡುಗೆಮನೆಯಲ್ಲಿ ಇರಲಿ, ದೇವರ ಗೂಡಿನಲ್ಲಿ ಇರಲಿ. ಷೋಕೇಸಿನ ಹಿಂಬದಿಗೆ ಮಾತ್ರ ಬೇಡ, ಅಲ್ಲಿ ಬೊಂಬೆಗಳಿವೆ.